ಅಪ್ಪಯ್ಯನ ಟ್ರಂಕಿನಲ್ಲಿ ಸಿಕ್ಕ ಎರಡು ಹಳೇ ಲೆನ್ಸು, ನನ್ನ ಸೋನಿ ಎ6000 ಕ್ಯಾಮೆರಾಕ್ಕೆ ಆಗುತ್ತಾ?

ಸಾಗರದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ನಮ್ಮ ಅಪ್ಪಯ್ಯ ಸಾಗರದಲ್ಲಿ ಸುಮಾರು ಮೂವತ್ತು ವರ್ಷ ಸ್ಟುಡಿಯೋ ಇಟ್ಟಿದ್ದರು. ಮಹಡಿ ಮೇಲೆ ಒಂದೇ ರೂಮು. ಪಾಸ್‌ಪೋರ್ಟ್ ಫೋಟೋ, ಮದುವೆ, ಉಪನಯನ, ಶಾಲೆಯ ಗ್ರೂಪ್ ಫೋಟೋ. ಡಿಜಿಟಲ್ ಬಂದು ಎರಡು ವರ್ಷಕ್ಕೆ ಅವರಿಗೆ ಆಸಕ್ತಿ ಹೋಯಿತು, ಬಾಗಿಲು ಹಾಕಿದರು. ಸಾಮಾನೆಲ್ಲ ಒಂದು ಕಬ್ಬಿಣದ ಟ್ರಂಕಿಗೆ ಸೇರಿ ಅಟ್ಟ ಹತ್ತಿತು.

ಕಳೆದ ವಾರ ಮಳೆ ಶುರುವಾಗುವ ಮುಂಚೆ ಹಂಚು ಸರಿ ಮಾಡಿಸಲು ಅಟ್ಟ ಹತ್ತಿದೆ. ಟ್ರಂಕು ತೆಗೆದರೆ ಡಾಂಬರ್ ಗುಳಿಗೆ ಮತ್ತು ಹಳೇ ಚರ್ಮದ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಯಾಶಿಕಾ ಮ್ಯಾಟ್ ಕ್ಯಾಮೆರಾ. ಅದರ ಕೆಳಗೆ ಚರ್ಮದ ಕೇಸಿನಲ್ಲಿ ಒಂದು ಜೆನಿತ್-ಇ. ಇನ್ನೂ ಕೆಳಗೆ, ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್. ಎರಡರ ಶಟರೂ ಹೋಗಿದೆ. ಲೆನ್ಸ್ ಮಾತ್ರ ಹಾಗೇ ಇವೆ.

ಜೆನಿತ್‌ನಲ್ಲಿ ಇದ್ದದ್ದು ಹೀಲಿಯೋಸ್-44-2, 58 ಎಂಎಂ, ಎಫ್/2 (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಜಾಸ್ತಿ ತೆರೆದು ಜಾಸ್ತಿ ಬೆಳಕು ಬಿಡುತ್ತದೆ). ಸ್ಪಾಟ್‌ಮ್ಯಾಟಿಕ್‌ನಲ್ಲಿ ಸೂಪರ್-ಟಾಕುಮಾರ್ 50 ಎಂಎಂ, ಎಫ್/1.4. ಎರಡೂ ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಬಿಚ್ಚುವಂಥವು. ಟಾಕುಮಾರ್‌ನ ಫೋಕಸ್ ರಿಂಗ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗುತ್ತದೆ. ಹೀಲಿಯೋಸ್‌ನದ್ದು ಗಾಣ ತಿರುಗಿಸಿದ ಹಾಗೆ. ಅದರ ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎರಡು ಮೂರು ಎಳೆ ಕಾಣುತ್ತವೆ. ಫಂಗಸ್ ಇರಬೇಕು. ಟಾಕುಮಾರ್‌ನಲ್ಲಿ ಎಳೆ ಇಲ್ಲ, ಆದರೆ ಬಿಳಿ ಪಂಚೆಯ ಮೇಲೆ ಹಿಡಿದು ನೋಡಿದರೆ ಗಾಜು ತೆಳು ಕಷಾಯದ ಬಣ್ಣ. ಇದು ಹಾಳಾದ ಲೆಕ್ಕವಾ?

ನನ್ನ ಬಳಿ ಇರುವುದು ಸೆಕೆಂಡ್ ಹ್ಯಾಂಡ್ ಸೋನಿ ಎ6000, ಅದರ ಜೊತೆ ಬಂದ ಕಿಟ್ ಲೆನ್ಸು, ಅಷ್ಟೆ. ಅಡಾಪ್ಟರ್ ಹಾಕಿದರೆ ಹಳೇ ಲೆನ್ಸ್ ಕೂರುತ್ತವೆ ಅಂತ ಗೊತ್ತು. ಯಾವ ಅಡಾಪ್ಟರ್, ಒಳಗೆ ಗಾಜು ಇರುವುದಾ, ಇಲ್ಲದ್ದಾ? ಆಟೋಫೋಕಸ್ ಇಲ್ಲದೆ ಓಡಾಡುವ ಮಕ್ಕಳ ಫೋಟೋ ತೆಗೆಯಲು ಸಾಧ್ಯವಾ? ಇನ್ನೊಂದು ವಿಷಯ. ಟಾಕುಮಾರ್‌ನ ಗಾಜಿನಲ್ಲಿ ರೇಡಿಯೇಷನ್ ಇದೆ ಅಂತ ನನ್ನ ಹೆಂಡತಿ ಎಲ್ಲೋ ಓದಿ, ಅದನ್ನು ಮಲಗುವ ಕೋಣೆಯಿಂದ ಆಚೆ ಹಾಕಿಸಿದ್ದಾಳೆ. ಈಗ ಅದು ಅಡಿಕೆ ಮೂಟೆ ಪಕ್ಕ ಕೂತಿದೆ.

ಅಪ್ಪಯ್ಯನನ್ನು ಕೇಳಿದೆ. "ಅದೆಲ್ಲ ಯಾಕೆ ಈಗ, ನಿನ್ನ ಮೊಬೈಲೇ ಚೆನ್ನಾಗಿ ತೆಗೀತದಲ್ಲ" ಅಂದು ಪೇಪರ್ ಓದಲು ಕೂತರು.

ಸ್ಕ್ರೂಡ್ರೈವರ್:

ಮೊದಲು ಆ ಟಾಕುಮಾರ್ ಅನ್ನು ಅಡಿಕೆ ಮೂಟೆಯಿಂದ ದೂರ ಇಡಿ ಸರ್. ರೇಡಿಯೇಷನ್‌ಗಿಂತ ಅಡಿಕೆಯ ತೇವ ಅಪಾಯ.

ನಾನು ಬೆಂಗಳೂರಿನಲ್ಲಿ ಕ್ಯಾಮೆರಾ ರಿಪೇರಿ ಕಲಿತವನು. ಈಗ ಬೇರೆ ಕೆಲಸ, ಆದರೆ ಭಾನುವಾರ ಲೆನ್ಸ್ ಬಿಚ್ಚುವ ಚಟ ಬಿಟ್ಟಿಲ್ಲ.

ನಿಮ್ಮ ಟಾಕುಮಾರ್ ಹಳದಿಯಾಗಿರುವುದು ಕೊಳೆಯಿಂದ ಅಲ್ಲ. 50 ಎಂಎಂ ಎಫ್/1.4ರ ಏಳು ಗಾಜಿನ ಆವೃತ್ತಿಯಲ್ಲಿ ಒಂದು ಗಾಜಿಗೆ ಥೋರಿಯಂ ಸೇರಿಸುತ್ತಿದ್ದರು. ಬೆಳಕನ್ನು ಜಾಸ್ತಿ ಬಗ್ಗಿಸಬೇಕು, ಬಣ್ಣ ಮಾತ್ರ ಚೆದುರಬಾರದು. ಅಂಥ ಗಾಜು ಆಗ ಬೇರೆ ದಾರಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಆ ಥೋರಿಯಂನ ವಿಕಿರಣವೇ ದಶಕಗಳಲ್ಲಿ ಗಾಜನ್ನು ಒಳಗಿನಿಂದ ಹಳದಿ ಮಾಡುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು, ಫೋಟೋ ತೆಗೆಯಲು ಭಯಪಡುವಂಥದ್ದೇನಿಲ್ಲ. ಗಾಜನ್ನು ಉಜ್ಜಿ ಪುಡಿ ಮಾಡಬೇಡಿ, ದಿನವಿಡೀ ಕಣ್ಣಿಗೆ ಒತ್ತಿಕೊಂಡು ಕೂರಬೇಡಿ, ತಲೆದಿಂಬಿನ ಕೆಳಗೆ ಇಟ್ಟು ಮಲಗಬೇಡಿ. ಅಷ್ಟು ಸಾಕು. ಅಂದರೆ ನಿಮ್ಮ ಮನೆಯವರು ಹೇಳಿದ್ದು ಪೂರ್ತಿ ತಪ್ಪೇನಲ್ಲ.

ಹಳದಿ ಹೋಗಲು ಮದ್ದು ನೇರಳಾತೀತ ಬೆಳಕು. ಬಿಸಿಲಿನಲ್ಲಿ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಇಟ್ಟರೆ ಗಾಜು ತಿಳಿಯಾಗುತ್ತದೆ. ಆದರೆ ಒಂದು ಎಚ್ಚರಿಕೆ. ಲೆನ್ಸ್ ಅಂದರೆ ಭೂತಗನ್ನಡಿಯೇ ತಾನೇ? ಎರಡೂ ಕಡೆ ತೆರೆದು ಕಿಟಕಿಯಲ್ಲಿ ಇಟ್ಟರೆ ಪರದೆ ಸುಡುತ್ತದೆ. ನಾನು ಒಂದು ಸಲ ಟೇಬಲ್ ಬಟ್ಟೆಗೆ ತೂತು ಮಾಡಿದ್ದೇನೆ. ಹಿಂದಿನ ಮುಚ್ಚಳದೊಳಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಮುಚ್ಚಿ. ಬೆಳಕು ಒಳಗೇ ವಾಪಸ್ ಹೊಡೆಯುತ್ತದೆ, ಕೆಲಸ ಬೇಗ ಆಗುತ್ತದೆ.

ಸಾಗರದಲ್ಲಿ ಜೂನ್‌ನಲ್ಲಿ ಬಿಸಿಲು ಎಲ್ಲಿಂದ ತರುತ್ತೀರಿ ಅಂತ ಕೇಳಬೇಡಿ. ಉಗುರಿನ ಪಾಲಿಶ್ ಒಣಗಿಸುವ ಯುವಿ ಎಲ್ಇಡಿ ದೀಪ ಬರುತ್ತದಲ್ಲ, ಅದು ಸಾಕು. ಒಂದು ರಟ್ಟಿನ ಡಬ್ಬಿಯಲ್ಲಿ ದೀಪ, ಲೆನ್ಸ್ ಎರಡೂ ಇಟ್ಟು ಮುಚ್ಚಿ. ಆ ಬೆಳಕನ್ನು ಕಣ್ಣಲ್ಲಿ ನೋಡಬೇಡಿ. ರಾತ್ರಿಯಿಡೀ ಬಿಡಬೇಡಿ, ಬಿಸಿಯಾದರೆ ಒಳಗಿನ ಗ್ರೀಸ್ ಇಳಿದು, ಬೆಳಕಿನ ಕಿಂಡಿ ಮುಚ್ಚಿ ತೆರೆಯುವ ಬ್ಲೇಡಿಗೆ ಬರಬಹುದು.

ಹೀಲಿಯೋಸ್ ಬಗ್ಗೆ. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ನೋಡಿ. ಸೋವಿಯತ್ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಅದು ತಯಾರಾದ ವರ್ಷ. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಡಿ. ಎಳೆಗಳು ಅಂಚಿನಲ್ಲೇ ಇದ್ದರೆ ಚಿತ್ರದಲ್ಲಿ ಕಾಣುವುದೇ ಇಲ್ಲ. ನಡುವೆ ಇದ್ದು ಎದುರು ಬೆಳಕು ಬಿದ್ದರೆ ಇಡೀ ಚಿತ್ರ ಹಾಲು ಚೆಲ್ಲಿದ ಹಾಗೆ ಆಗುತ್ತದೆ. ಫಂಗಸ್ ಒರೆಸಬಹುದು. ಆದರೆ ಅದು ಗಾಜಿನ ಮೇಲಿನ ಕೋಟಿಂಗ್ ತಿಂದಿದ್ದರೆ ಗುರುತು ಉಳಿಯುತ್ತದೆ.

ನೀವೇ ಬಿಚ್ಚುವುದಾದರೆ ಮುಂದಿನ ಹೆಸರಿನ ರಿಂಗ್ ಅನ್ನು ರಬ್ಬರ್ ಬೂಚು ಒತ್ತಿ ತಿರುಗಿಸಿ, ಇಕ್ಕಳ ಹಾಕಬೇಡಿ. ಗಾಣ ತಿರುಗಿಸಿದ ಹಾಗೆ ಅಂದಿರಲ್ಲ, ಅದು ಒಣಗಿದ ಗ್ರೀಸ್. ಅದಕ್ಕೆ ಹೆಲಿಕಾಯ್ಡ್ ಬಿಚ್ಚಬೇಕು. ಅದು ಒಂದರೊಳಗೆ ಒಂದು ತಿರುಗುವ ಥ್ರೆಡ್. ಬೇರ್ಪಡುವ ಕ್ಷಣದಲ್ಲಿ ಎರಡರ ಮೇಲೂ ಸೂಜಿಯಿಂದ ಗೀರು ಹಾಕಿಕೊಳ್ಳಿ. ಗೀರಿಲ್ಲದೆ ಬಿಚ್ಚಿದರೆ ವಾಪಸ್ ಯಾವ ಹಲ್ಲಿಗೆ ಕೂರಿಸಬೇಕು ಅಂತ ದೇವರಿಗೇ ಗೊತ್ತು. ನನ್ನ ಮೊದಲ ಹೀಲಿಯೋಸ್‌ಗೆ ಮೂರು ಭಾನುವಾರ ಹೋಯಿತು.

ಒನ್ ಬೈ ಟು:

ಕಥೆ ಚೆನ್ನಾಗಿದೆ ಗುರು. ಆದರೆ ಒಬ್ಬರಾದರೂ ತಣ್ಣೀರು ಎರಚಬೇಕಲ್ಲ, ನಾನು ಎರಚುತ್ತೇನೆ.

ಎರಡು ವರ್ಷದಲ್ಲಿ 11 ಹಳೇ ಲೆನ್ಸ್ ಕೊಂಡೆ. 9 ಮಾರಿದೆ. ಒಂದೊಂದೂ ಬಂದಾಗ ಒಂದು ವಾರ ಸಂಭ್ರಮ. ಪಾರ್ಕಿಗೆ ಹೋಗಿ ಎಲೆ, ಹೂವು, ನಾಯಿ. ಆಮೇಲೆ ಅಕ್ಕನ ಮಗನ ಹುಟ್ಟುಹಬ್ಬ ಬಂತು. ಕೇಕ್ ಕತ್ತರಿಸುವಾಗ ನಾನು ರಿಂಗ್ ತಿರುಗಿಸುತ್ತಾ ನಿಂತಿದ್ದೆ. 40 ಫೋಟೋದಲ್ಲಿ 6 ಸರಿ ಬಂದವು. ಅಕ್ಕ ಈಗಲೂ ನೆನಪಿಸುತ್ತಾಳೆ.

ಸೋನಿಯದ್ದೇ 50 ಎಂಎಂ ಎಫ್/1.8 ಇದೆ, ಒಳಗೆ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಕೂಡ ಇದೆ. ಎ6000ದ ಬಾಡಿಯಲ್ಲಿ ಅದು ಇಲ್ಲ. ಮಕ್ಕಳ ಫೋಟೋಗೆ ಅದನ್ನು ಕೊಳ್ಳಿ. ಇನ್ನೊಂದು ಮಾತು. ಹೀಲಿಯೋಸ್‌ನ ಹೆಸರಿರುವುದೇ ಹಿನ್ನೆಲೆ ಸುಳಿಯಂತೆ ತಿರುಗುವುದಕ್ಕೆ. ಆ ಸುಳಿ ಗಟ್ಟಿಯಾಗಿ ಕಾಣುವುದು ಚಿತ್ರದ ಅಂಚಿನಲ್ಲಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು, ಅಂಚನ್ನೇ ಕತ್ತರಿಸಿ ಬಿಡುತ್ತದೆ. ಇಂಟರ್ನೆಟ್‌ನಲ್ಲಿ ನೋಡಿದ ಸುಳಿ ನಿಮಗೆ ಅರ್ಧವೂ ಸಿಗುವುದಿಲ್ಲ. ಮೊದಲೇ ಹೇಳಿದ್ದೇನೆ, ಆಮೇಲೆ ಬೇಜಾರಾಗಬೇಡಿ.

ಅಪ್ಪನ ಲೆನ್ಸ್, ದುಡ್ಡು ಕೊಡಬೇಕಾಗಿಲ್ಲ, ಹಾಗಾಗಿ ಹಾಕಿ ನೋಡಿ. ಅಲ್ಲಿಗೇ ನಿಲ್ಲಿಸಿ. ಆನ್‌ಲೈನ್‌ನಲ್ಲಿ ಹುಡುಕಲು ಹೋಗಬೇಡಿ.

ಉಡುಪಿ ಮಳೆ:

ಒನ್ ಬೈ ಟು ಅವರೇ, ಉಳಿದ ಆ ಎರಡು ಲೆನ್ಸ್ ಯಾವುದು ಹೇಳಿ ಮಾರಾಯ್ರೆ, ಅದೇ ಅಲ್ವಾ ಮುಖ್ಯ!

ಅಡಾಪ್ಟರ್ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ನನ್ನ ಕೈ ಸುಟ್ಟಿದೆ. ಪ್ರತಿ ಲೆನ್ಸಿಗೂ ಅದರ ಹಿಂಬದಿಯ ಕೂರುವ ಜಾಗದಿಂದ ಫಿಲ್ಮಿಗೆ ಇಷ್ಟೇ ದೂರ ಅಂತ ಇರುತ್ತದೆ. ನಿಮ್ಮ ಎರಡೂ ಲೆನ್ಸ್ ಎಂ42, ಅಂದರೆ 42 ಮಿಲಿಮೀಟರ್ ಅಗಲದ ತಿರುಪು. ಅವಕ್ಕೆ ಬೇಕಾದ ದೂರ 45.46 ಮಿಲಿಮೀಟರ್. ಕನ್ನಡಿ ಇಲ್ಲದ ನಿಮ್ಮ ಸೋನಿಯಲ್ಲಿ ಆ ದೂರ ಬರೀ 18. ಉಳಿದ 27 ಚಿಲ್ಲರೆ ಮಿಲಿಮೀಟರನ್ನು ಒಂದು ಖಾಲಿ ಕೊಳವೆ ತುಂಬಿದರೆ ಮುಗಿಯಿತು. ಅದೇ ಅಡಾಪ್ಟರ್. ಒಳಗೆ ಗಾಜು ಬೇಡವೇ ಬೇಡ.

ನನ್ನದು ನಿಕಾನ್ ಡಿ5600. ನಿಕಾನ್ ಎಫ್ ಮೌಂಟಿನ (ಲೆನ್ಸ್ ಕೂರುವ ಜಾಗದ) ದೂರ 46.5. ಎಂ42ಗಿಂತ ಒಂದು ಮಿಲಿಮೀಟರ್ ಜಾಸ್ತಿ. ಕೊಳವೆ ಹಾಕಲು ಜಾಗವೇ ಇಲ್ಲ, ಈಗಾಗಲೇ ಲೆನ್ಸ್ ದೂರ ಹೋಗಿ ಕೂತಿದೆ. ಇದು ಗೊತ್ತಿಲ್ಲದೆ ಎಂ42 ಲೆನ್ಸ್ ಕೊಂಡು, ತೆಳು ಅಡಾಪ್ಟರ್ ಹಾಕಿ, ಮಲ್ಪೆ ಬೀಚಿಗೆ ಹೋದೆ. ಹತ್ತಿರದ ಏಡಿ ಚೆನ್ನಾಗಿ ಬಂತು. ದೂರದ ದೋಣಿ ಸ್ಪಷ್ಟ ಬರಲೇ ಇಲ್ಲ. ಆಮೇಲೆ ಗಾಜಿರುವ ಅಡಾಪ್ಟರ್ ತರಿಸಿದೆ. ದೋಣಿ ಬಂತು, ಆದರೆ ಕನ್ನಡಕಕ್ಕೆ ಎಣ್ಣೆ ಸವರಿದ ಹಾಗೆ. ಈಗ ಎರಡೂ ಅಡಾಪ್ಟರ್ ಮಗನ ಆಟದ ಡಬ್ಬಿಯಲ್ಲಿ ಇವೆ.

ಹಾಗಂತ ನಿಕಾನ್‌ನವರಿಗೆ ದಾರಿ ಇಲ್ಲ ಅಂತಲ್ಲ. ನಿಕಾನ್‌ನದ್ದೇ ಹಳೇ ಲೆನ್ಸ್ ಹಾಕಬಹುದು, 1959ರಿಂದ ಅದೇ ಮೌಂಟ್ ಇದೆ. ನಮ್ಮ ಮಾವನ 105 ಎಂಎಂ ಎಫ್/2.5 ನನ್ನ ಕ್ಯಾಮೆರಾದಲ್ಲೇ ಇರುತ್ತದೆ. ಬೆಳಕು ಅಳೆಯುವ ಮೀಟರ್ ಕೆಲಸ ಮಾಡುವುದಿಲ್ಲ, ಅಂದಾಜಿನಲ್ಲಿ ಒಂದು ಕ್ಲಿಕ್ ಮಾಡಿ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಗ್ರಾಫ್) ನೋಡಿ ತಿದ್ದಿಕೊಳ್ಳುವುದು. ಯಕ್ಷಗಾನದ ಮುಖವರ್ಣಿಕೆ ತೆಗೆಯಲು ಅದರಷ್ಟು ಚಂದದ್ದು ನನಗೆ ಇನ್ನೊಂದು ಸಿಕ್ಕಿಲ್ಲ. ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಕಲಾವಿದರು ಕನ್ನಡಿ ಮುಂದೆ ಅಲುಗಾಡದೆ ಕೂತಿರುತ್ತಾರೆ, ನಿಧಾನವಾಗಿ ಫೋಕಸ್ ಮಾಡಬಹುದು. ರಂಗಸ್ಥಳಕ್ಕೆ ಬಂದ ಮೇಲೆ ಆ ಲೆನ್ಸ್ ಚೀಲಕ್ಕೆ. ಧಿಗಿಣ ಹಾಕುವವರ ಹಿಂದೆ ರಿಂಗ್ ತಿರುಗಿಸುವ ಶಕ್ತಿ ನನಗಿಲ್ಲ.

ಮತ್ತೆ ಆ ಚರ್ಮದ ಕೇಸು. ಅದನ್ನು ಇವತ್ತೇ ಬೇರೆ ಮಾಡಿ. ಚರ್ಮ ತೇವ ಹೀರಿ ಇಟ್ಟುಕೊಳ್ಳುತ್ತದೆ, ಫಂಗಸ್ಸಿಗೆ ಅದೇ ತವರುಮನೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. 40ರಿಂದ 50 ಪರ್ಸೆಂಟ್ ಇದ್ದರೆ ಸರಿ. ತೀರಾ ಒಣಗಿಸಬೇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ.

ಸಾಗರದವ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಹೇಳಲು ತುಂಬಾ ಇದೆ.

ಖಾಲಿ ಕೊಳವೆಯ ಅಡಾಪ್ಟರ್ ತರಿಸಿದೆ, ಸಾವಿರ ರೂಪಾಯಿಯೊಳಗೆ ಬಂತು. ಹಾಕಿ ಬಿಗಿ ಮಾಡಿದರೆ ಲೆನ್ಸಿನ ನಂಬರ್‌ಗಳು ಮೇಲೆ ಬರುವ ಬದಲು ಎಡಕ್ಕೆ, ಒಂಬತ್ತು ಗಂಟೆ ತೋರಿಸುವ ಜಾಗಕ್ಕೆ ಬಂದು ನಿಂತವು. ಅಡಾಪ್ಟರಿನ ಸುತ್ತ ಸಾಸಿವೆ ಗಾತ್ರದ ಮೂರು ಸ್ಕ್ರೂ ಇವೆ. ಅವನ್ನು ಸಡಿಲಿಸಿ ಒಳಗಿನ ರಿಂಗ್ ತಿರುಗಿಸಿದರೆ ಸರಿಯಾಗುತ್ತದೆ. ಒಂದು ಸ್ಕ್ರೂ ಕೆಳಗೆ ಬಿದ್ದು ನೆಲದ ಬಿರುಕಿಗೆ ಹೋಯಿತು. ಎರಡರಲ್ಲೇ ನಡೆಯುತ್ತಿದೆ. ಇನ್ನೊಂದು ನೋಡಿದೆ. ರಿಂಗ್ ಅನ್ನು ಇನ್ಫಿನಿಟಿ ಗುರುತಿಗೆ ತಂದರೆ ದೂರದ ಗುಡ್ಡ ಮಸುಕು. ಸ್ವಲ್ಪ ಹಿಂದೆ ತಂದರೆ ಸ್ಪಷ್ಟ. ಅಡಾಪ್ಟರ್ ಕೂದಲಿನಷ್ಟು ಗಿಡ್ಡ ಇರಬೇಕು. ಗುರುತು ನಂಬದೆ ಕಣ್ಣಿನಲ್ಲೇ ನೋಡಿ ಮಾಡುತ್ತಿದ್ದೇನೆ.

ಮೊದಲ ದಿನ ಕ್ಯಾಮೆರಾ ಕ್ಲಿಕ್ಕೇ ಆಗಲಿಲ್ಲ. ಲೆನ್ಸೇ ಇಲ್ಲ ಅಂದುಕೊಂಡಿತ್ತು. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡು ಅನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿದ ಮೇಲೆ ಎಲ್ಲ ಸರಿ. ಟಾಕುಮಾರ್‌ನಲ್ಲಿ ಇನ್ನೊಂದು ಗೊಂದಲ. ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಎಷ್ಟು ತಿರುಗಿಸಿದರೂ ಒಳಗೆ ಬ್ಲೇಡ್ ಅಲುಗಾಡಲಿಲ್ಲ. ಪಕ್ಕದಲ್ಲಿ ಆಟೋ, ಮ್ಯಾನ್ಯುವಲ್ ಅಂತ ಒಂದು ಚಿಕ್ಕ ಜಾರುಗುಂಡಿ. ಅದನ್ನು ಮ್ಯಾನ್ಯುವಲ್‌ಗೆ ತಂದೆ, ಬ್ಲೇಡ್ ಮುಚ್ಚಿಕೊಂಡಿತು. ಹೀಲಿಯೋಸ್‌ನಲ್ಲಿ ಆ ತಂಟೆಯೇ ಇಲ್ಲ. ಎರಡು ರಿಂಗ್. ಒಂದರಲ್ಲಿ ನಂಬರ್ ಆರಿಸುವುದು, ಇನ್ನೊಂದರಲ್ಲಿ ತೆರೆಯುವುದು, ಮುಚ್ಚುವುದು.

ಟಾಕುಮಾರ್ ಎಂಟು ದಿನದಿಂದ ರಟ್ಟಿನ ಡಬ್ಬಿಯಲ್ಲಿ ನೇರಳೆ ದೀಪದ ಕೆಳಗಿದೆ. ಕಷಾಯ ಈಗ ನಿಂಬೆ ಶರಬತ್ತಾಗಿದೆ. ದೀಪ ನನ್ನ ಹೆಂಡತಿಯ ತಂಗಿಯದ್ದು. ಯಾಕೆ ಬೇಕು ಅಂತ ಹೇಳಿಲ್ಲ.

ಹೀಲಿಯೋಸ್ ಬಿಚ್ಚುವ ಧೈರ್ಯ ಬರಲಿಲ್ಲ. ಸೀರಿಯಲ್ 78ರಿಂದ ಶುರುವಾಗುತ್ತದೆ, ನನಗಿಂತ ಎರಡು ವರ್ಷ ದೊಡ್ಡದು. ಎಳೆಗಳು ಅಂಚಿನಲ್ಲೇ ಇವೆ. ಹಾಗೇ ಹಾಕಿಕೊಂಡು ತೋಟಕ್ಕೆ ಹೋದೆ.

ಮಳೆ ಬಿಟ್ಟಿತ್ತು. ಅಡಿಕೆ ಮರದ ಸಂದಿಯಿಂದ ಚೂರು ಚೂರು ಬೆಳಕು. ಅಣ್ಣನ ಮಗಳು ವೀಳ್ಯದೆಲೆ ಬಳ್ಳಿಯ ಪಕ್ಕ ನಿಂತು ಪೇರಲೆ ತಿನ್ನುತ್ತಿದ್ದಳು. ನಾನು ಒಂದೂವರೆ ಮೀಟರ್ ದೂರ, ಅವಳ ಹಿಂದೆ ಐದಾರು ಮೀಟರ್‌ಗೆ ತೋಟ. ಎಫ್/2ಕ್ಕೆ ತೆರೆದೆ. ಮೊದಲು, ಸ್ಪಷ್ಟ ಇರುವ ಜಾಗಕ್ಕೆ ಕ್ಯಾಮೆರಾವೇ ಬಣ್ಣದ ಗೆರೆ ಹಾಕುವ ಫೋಕಸ್ ಪೀಕಿಂಗ್ ನಂಬಿದೆ. ಕಣ್ಣು, ಮೂಗು, ಜಡೆ ಎಲ್ಲದರ ಮೇಲೂ ಕೆಂಪು ಗೆರೆ ಬರುತ್ತದೆ, ಫೋಟೋ ನೋಡಿದರೆ ಮೂಗು ಮಾತ್ರ ಸ್ಪಷ್ಟ. ಆಮೇಲೆ ಪೀಕಿಂಗ್ ಬಿಟ್ಟು, ಕಣ್ಣನ್ನು ದೊಡ್ಡದು ಮಾಡಿ ನೋಡಿ, ರಿಂಗ್ ಅಲುಗಾಡಿಸದೆ ನಾನೇ ಸ್ವಲ್ಪ ಮುಂದೆ ಹಿಂದೆ ವಾಲಿದೆ. ಗಾಣದಂಥ ರಿಂಗ್ ಆಗ ಉಪಕಾರವೇ ಆಯಿತು, ತಾನಾಗಿ ಜಾರುವುದಿಲ್ಲ. 22 ತೆಗೆದೆ, 5 ಸರಿ ಬಂದವು.

ಒನ್ ಬೈ ಟು ಅವರು ಹೇಳಿದ್ದು ನಿಜ. ಸುಳಿ ಅಂತ ದೊಡ್ಡದೇನಿಲ್ಲ. ಆದರೆ ಬೆಳಕಿನ ಚೂರುಗಳು ನಡುವೆ ದುಂಡಗೆ, ಅಂಚಿಗೆ ಹೋದ ಹಾಗೆ ಅವರೆಕಾಳಿನ ಹಾಗೆ ಓರೆಯಾಗಿ, ಅವಳ ತಲೆಯ ಸುತ್ತ ನಿಂತಿವೆ. ಬಣ್ಣ ತಣ್ಣಗಿದೆ. ಪೇರಲೆ ಕಚ್ಚಿದ ಜಾಗದಲ್ಲಿ ನೀರಿನ ಹೊಳಪು ಇದೆ. ಕಿಟ್ ಲೆನ್ಸ್‌ನಲ್ಲಿ ನನಗೆ ಇದು ಬಂದಿಲ್ಲ.

ಅದನ್ನು ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು. "ಇದು ಜೆನಿತ್‌ದಾ? ಎಷ್ಟಕ್ಕೆ ಇಟ್ಟಿದ್ದೆ?" ಅಂದರು. ಎರಡಕ್ಕೆ ಅಂದೆ. "ಎರಡಾ! ನಾನು ಅದನ್ನ ಹನ್ನೆರಡು ವರ್ಷ ಇಟ್ಟುಕೊಂಡಿದ್ದೆ. ಎಂಟರಿಂದ ಈಚೆ ತಂದವನೇ ಅಲ್ಲ."

ಇದು ನನ್ನ ತಲೆಯಿಂದ ಹೋಗುತ್ತಿಲ್ಲ. ಎಲ್ಲರೂ ಹೊಗಳುವ ಈ ಲೆನ್ಸಿನ ಗುಣವನ್ನು ಅದರ ಮಾಲೀಕರೇ ಒಂದು ದಿನವೂ ನೋಡಿಲ್ಲ. ಯಾಕೆ ಹಾಗೆ?

ಸ್ಕ್ರೂಡ್ರೈವರ್:

ಯಾಕೆ ಅಂದರೆ ತೆರೆಯಲು ಅವರಿಗೆ ಅವಕಾಶವೇ ಇರಲಿಲ್ಲ ಸರ್. ಲೆಕ್ಕ ಹಾಕಿ ನೋಡಿ.

ಜೆನಿತ್-ಇಯ ಅತಿ ವೇಗದ ಶಟರ್ 1/500 ಸೆಕೆಂಡ್. ಫಿಲ್ಮ್ ಐಎಸ್ಒ 100ರದ್ದು (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಅಂತ ಇಟ್ಟುಕೊಳ್ಳಿ. ಓರ್ವೋ ಇರಬಹುದು, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮ್ ಇರಬಹುದು. ಬಿಸಿಲಿನಲ್ಲಿ 1/100ಕ್ಕೆ ಎಫ್/16. 1/500ಕ್ಕೆ ಹೋದರೂ ಎಫ್/8ರ ಹತ್ತಿರವೇ ನಿಲ್ಲಬೇಕು. ಎಫ್/2ಕ್ಕೆ ತೆರೆಯಲು 1/6400 ಬೇಕು. ಇನ್ನು ಸ್ಟುಡಿಯೋ ಒಳಗೆ, ಮದುವೆ ಮನೆಯಲ್ಲಿ ಫ್ಲ್ಯಾಶ್. ಜೆನಿತ್‌ಗೆ ಫ್ಲ್ಯಾಶ್ ಹೊಂದುವುದು 1/30ರಲ್ಲಿ. ಗೈಡ್ ನಂಬರ್ (ಫ್ಲ್ಯಾಶ್‌ನ ಶಕ್ತಿಯ ಅಳತೆ) 28ರ ಫ್ಲ್ಯಾಶ್ ಇಟ್ಟುಕೊಂಡು ಮೂರೂವರೆ ಮೀಟರ್ ದೂರ ನಿಂತರೆ, 28ನ್ನು ಮೂರೂವರೆಯಿಂದ ಭಾಗಿಸಿ, ಲೆಕ್ಕ ನೇರ ಎಫ್/8ಕ್ಕೆ ಬರುತ್ತದೆ. ನಿಮ್ಮ ತಂದೆ ಹೇಳಿದ ಎಂಟು ಅಲ್ಲಿಂದ ಬಂದದ್ದು.

ನೆರಳಿನಲ್ಲಿ ತೆರೆಯಬಹುದಿತ್ತು, ನಿಜ. ಆದರೆ ಆ ಮಸುಕು ಗಾಜಿನ ವ್ಯೂಫೈಂಡರಿನಲ್ಲಿ ಎಫ್/2ಕ್ಕೆ ಕಣ್ಣು ಸ್ಪಷ್ಟ ಬಂತಾ ಇಲ್ಲವಾ ಅಂತ ನೋಡಿ. ನಿಮ್ಮ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರಕ್ಕೆ ಸ್ಪಷ್ಟ ಇರುವ ಜಾಗ ಸುಮಾರು ಎರಡೂವರೆ ಸೆಂಟಿಮೀಟರ್, ಒಂದು ಬೆಂಕಿಕಡ್ಡಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನೀವು 22 ತೆಗೆದು 5 ಉಳಿಸಿಕೊಂಡಿರಿ. ಅವರಿಗೆ ಒಂದು ರೋಲಿನಲ್ಲಿ 36, ಅದೂ ಗಿರಾಕಿ ದುಡ್ಡು ಕೊಟ್ಟ 36. ಯಾರು ಆಡುತ್ತಾರೆ ಆ ಜೂಜು?

ಈ ಲೆನ್ಸಿನ ಮೂಲ ಜರ್ಮನಿಯ ಯೇನಾದ ಕಾರ್ಲ್ ಜೈಸ್ ಮಾಡಿದ ಬಯೋಟಾರ್ 58 ಎಂಎಂ ಎಫ್/2. ಮಹಾಯುದ್ಧದ ನಂತರ ಸೋವಿಯತ್ ಕಾರ್ಖಾನೆಗಳು ಅದೇ ವಿನ್ಯಾಸದಿಂದ ಜೆನಿತ್ ಕ್ಯಾಮೆರಾಗಳಿಗೆ ಹೀಲಿಯೋಸ್ ಮಾಡಿದವು. ಸುಳಿ ತಿರುಗಲಿ ಅಂತ ಯಾರೂ ಮಾಡಿದ್ದಲ್ಲ, ಅದು ದೋಷ. ಎಂಟಕ್ಕೆ ಮುಚ್ಚಿದರೆ ಆ ದೋಷ ಹೋಗುತ್ತದೆ. ನಿಮ್ಮ ತಂದೆ ಲೆನ್ಸನ್ನು ಸರಿಯಾಗಿಯೇ ಬಳಸಿದ್ದಾರೆ. ತಪ್ಪಾಗಿ ಬಳಸುತ್ತಿರುವವರು ನಾವು.

ಅಂದಹಾಗೆ, ನಿಮ್ಮ ಎ6000 ಕೂಡ 1/4000ಕ್ಕೆ ನಿಲ್ಲುತ್ತದೆ. ನಡುಮಧ್ಯಾಹ್ನ ಎಫ್/2ಕ್ಕೆ ತೆರೆದರೆ ಚಿತ್ರ ಬಿಳಿಚುತ್ತದೆ. ತೋಟದ ನೆರಳೇ ಸರಿ. ಎರಡೂ ಲೆನ್ಸಿನ ಮುಂದಿನ ಥ್ರೆಡ್ 49 ಎಂಎಂ. ಒಂದು ರಬ್ಬರ್ ಹುಡ್ ಕೊಂಡರೆ ಎರಡಕ್ಕೂ ಆಗುತ್ತದೆ. ಹೀಲಿಯೋಸ್ ಪಕ್ಕದಿಂದ ಬೀಳುವ ಬೆಳಕನ್ನು ತಾಳಿಕೊಳ್ಳುವುದಿಲ್ಲ.

ಒನ್ ಬೈ ಟು:

ಉಡುಪಿ ಮಳೆ ಅವರೇ, ಉಳಿದ ಎರಡರಲ್ಲಿ ಒಂದು ಹೀಲಿಯೋಸ್. ಹೇಳಬಾರದು ಅಂದುಕೊಂಡಿದ್ದೆ.

ಸಾಗರದವ:

ಒಂದು ಕೊನೆಯ ಪ್ರಶ್ನೆ ಇದೆ, ಅದಕ್ಕೆ ಮುಂಚೆ ನಿನ್ನೆ ನಡೆದದ್ದು ಹೇಳುತ್ತೇನೆ.

ಸಂಜೆ ಜಗಲಿಯಲ್ಲಿ ಅಪ್ಪಯ್ಯ ತಾವಾಗಿಯೇ ಕ್ಯಾಮೆರಾ ಕೇಳಿದರು. ಎಡಗೈ ಅಂಗೈ ಮೇಲೆ ಲೆನ್ಸ್ ಕೂರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ರಿಂಗ್ ಹಿಡಿದರು. ನಾನು ಮೇಲಿನಿಂದ ಹಿಡಿಯುತ್ತಿದ್ದೆ, ಹಾಗಾಗಿ ಕೈ ನೋಯುತ್ತಿತ್ತು ಅಂತ ಆಗ ಗೊತ್ತಾಯಿತು. ಚಿತ್ರ ದೊಡ್ಡದು ಮಾಡುವ ಬಟನ್ ತೋರಿಸಿದೆ. "ಓಹೋ, ಇದು ಎನ್‌ಲಾರ್ಜರ್ ಕೆಳಗೆ ನೆಗೆಟಿವ್ ನೋಡಿದ ಹಾಗೆ" ಅಂದರು. ನನ್ನದೇ ಒಂದು ಫೋಟೋ, ಎಫ್/2ರಲ್ಲಿ. ಮೊದಲ ಕ್ಲಿಕ್ಕಿಗೇ ಕಣ್ಣು ಸ್ಪಷ್ಟ. ನನಗೆ ಖುಷಿ. ಅವರಿಗೆ ಇಲ್ಲ.

"ಕಿವಿ ಎಲ್ಲಿ ಹೋಯ್ತೋ? ಹೀಗೆ ಕೊಟ್ಟರೆ ಗಿರಾಕಿ ದುಡ್ಡು ಕೊಡ್ತಾನಾ?"

ಎಂಟಕ್ಕೆ ತಿರುಗಿಸಿದರು. ಬೆಳಕು ಸಾಲಲಿಲ್ಲ, ಶಟರ್ ನಿಧಾನವಾಗಿ ಕೈ ಅಲುಗಾಡಿತು. ಐಎಸ್ಒ ಹೆಚ್ಚಿಸುತ್ತೇನೆ ಅಂದೆ. ಬೇಡ ಅಂದರು. ಈಗ ಅವರಿಗೆ ಟ್ರಂಕಿನಲ್ಲಿರುವ ಅವರ ಹಳೇ ಫ್ಲ್ಯಾಶ್ ಬೇಕಂತೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದೆವು. ಕೊಂಯ್ ಅಂತ ಸದ್ದು ಮಾಡಿ ಕೆಂಪು ದೀಪ ಹತ್ತಿತು! ಇದನ್ನು ಎ6000ದ ತಲೆ ಮೇಲೆ ಹಾಕಬಹುದಾ?

ಸ್ಕ್ರೂಡ್ರೈವರ್:

ಹಾಕಬೇಡಿ! ಸದ್ಯಕ್ಕೆ ಕ್ಯಾಮೆರಾದಿಂದ ದೂರ ಇಡಿ. ಹಳೇ ಫ್ಲ್ಯಾಶ್‌ಗಳಲ್ಲಿ ಕೆಲವಕ್ಕೆ ಟ್ರಿಗರ್‌ನಲ್ಲೇ 100, 200 ವೋಲ್ಟ್ ಬರುತ್ತದೆ. ಆಗಿನ ಶಟರ್‌ಗೆ ಅದು ಬರೀ ತಾಮ್ರದ ಎರಡು ತುಂಡು ತಾಗುವ ಕೆಲಸ, ಏನೂ ಆಗುತ್ತಿರಲಿಲ್ಲ. ಈಗಿನ ಕ್ಯಾಮೆರಾದ ಬೋರ್ಡ್ ಸುಟ್ಟು ಹೋಗಬಹುದು. ಫ್ಲ್ಯಾಶ್ ಪೂರ್ತಿ ಚಾರ್ಜ್ ಮಾಡಿ, ಅಡಿಯ ನಡುವಿನ ಚುಕ್ಕೆಗೂ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಹಿಡಿಯಿರಿ, ಕೈ ತಾಗಿಸಬೇಡಿ. ಎಷ್ಟು ವೋಲ್ಟ್ ಬಂತು ಅಂತ ಇಲ್ಲಿ ಬರೆಯಿರಿ, ಆಮೇಲೆ ನೋಡೋಣ. ಅಲ್ಲಿಯವರೆಗೆ ನಿಮ್ಮ ತಂದೆಗೆ ಟಾಕುಮಾರ್ ಕೊಟ್ಟು ತಡೆಯಿರಿ.